ಲೆಕ್ಕದ ಹಾಳೆಯೂ ಮೊದಲನೆಯ ವೃತ್ತಿ ಆಟಗಾರನೂ: ವಿಲಿಯಮ್ ಹೆಫೆಲ್‌ಫಿಂಗರನ ಚರಿತ್ರೆಯ ಪರಿಶೀಲನೆ

೧

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಫುಟ್‌ಬಾಲ್ ಆಟದಲ್ಲಿ ಹಣ ಪಡೆದು ಆಡಿದವರೊಳಗೆ ಮೊದಲಿಗನಾರು ಎಂಬ ಪ್ರಶ್ನೆಗೆ ಬಹುಕಾಲ ಒಂದೇ ಉತ್ತರವಿದ್ದಿತು. ಪೆನ್ಸಿಲ್ವೇನಿಯಾ ಸಂಸ್ಥಾನದ ಲಟ್ರೋಬ್ ಎಂಬ ಊರಿನ ತಂಡಕ್ಕಾಗಿ ೧೮೯೫ನೆಯ ಇಸವಿ ಸೆಪ್ಟೆಂಬರ್ ೩ರಂದು ಹತ್ತು ಡಾಲರನ್ನೂ ಪ್ರಯಾಣದ ಖರ್ಚನ್ನೂ ಪಡೆದು ಆಡಿದ ಜಾನ್ ಬ್ರಾಲಿಯರನೇ ಆ ಮೊದಲಿಗನೆಂದು ಆಟದ ಚರಿತ್ರೆಯನ್ನು ಬರೆದವರು ಹೇಳುತ್ತಿದ್ದರು. ಈ ಮಾತಿಗೆ ಆತನ ಸ್ವಂತ ಹೇಳಿಕೆಯ ಬೆಂಬಲವೂ ಊರಿನವರ ಸಾಕ್ಷ್ಯವೂ ಇದ್ದುವು. ಆದರೆ ೧೯೬೦ರ ದಶಕದಲ್ಲಿ ಬೆಳಕಿಗೆ ಬಂದ ಪರಿಶೋಧನೆಯೊಂದು ಈ ನಿರ್ಣಯವನ್ನು ತಿರುಗಿಸಿತು. ಬ್ರಾಲಿಯರನು ಆಡುವುದಕ್ಕೆ ಸುಮಾರು ಮೂರು ವರ್ಷಗಳ ಹಿಂದೆಯೇ, ೧೮೯೨ನೆಯ ನವೆಂಬರ್ ೧೨ರಂದು, ವಿಲಿಯಮ್ ವಾಲ್ಟರ್ ಹೆಫೆಲ್‌ಫಿಂಗರ್ ಎಂಬಾತನು ಒಂದೇ ಪಂದ್ಯಕ್ಕೆ ೫೦೦ ಡಾಲರುಗಳನ್ನು ಪಡೆದಿದ್ದನೆಂಬುದು ಒಂದು ಕ್ಲಬ್ಬಿನ ಲೆಕ್ಕದ ಹಾಳೆಯಿಂದ ಸ್ಥಿರಪಟ್ಟಿತು.

ಪ್ರಕೃತ ಲೇಖನದಲ್ಲಿ ಈ ಹೆಫೆಲ್‌ಫಿಂಗರನ ಜೀವನವನ್ನು ಸಂಗ್ರಹವಾಗಿ ನಿರೂಪಿಸಿ, ಆ ಹಾಳೆ ಏನನ್ನು ಸಿದ್ಧಪಡಿಸುತ್ತದೆ, ಏನನ್ನು ಸಿದ್ಧಪಡಿಸುವುದಿಲ್ಲ ಎಂಬುದನ್ನು ವಿಚಾರಮಾಡಲು ಉದ್ದೇಶಿಸಿದೆ. ವಿಷಯವು ಆಟಕ್ಕೆ ಸಂಬಂಧಿಸಿದ್ದಾದರೂ ಅದರೊಳಗಿನ ಪ್ರಶ್ನೆ ಚರಿತ್ರೆಕಾರರಿಗೆಲ್ಲ ಸಂಬಂಧಿಸಿದ್ದು. ಮರೆಮಾಡಿ ನಡೆಸಿದ ಒಂದು ವ್ಯವಹಾರದ ಆರಂಭಕಾಲವನ್ನು ನಾವು ಯಾವ ಆಧಾರದಿಂದ ನಿರ್ಣಯಿಸಬೇಕು ಎಂಬುದೇ ಆ ಪ್ರಶ್ನೆ.

೨

ಅಮೆರಿಕದ ಫುಟ್‌ಬಾಲು ನಮ್ಮಲ್ಲಿ ಪರಿಚಿತವಾದ ಕಾಲ್ಚೆಂಡಿನಾಟವಲ್ಲವೆಂದು ಮೊದಲೇ ಹೇಳಬೇಕು. ಅದು ಇಂಗ್ಲೆಂಡಿನ ರಗ್ಬಿ ಆಟದಿಂದ ಕವಲೊಡೆದುದು. ಚೆಂಡು ಮೊಟ್ಟೆಯಾಕಾರದ್ದು, ಅದನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಸಾಲನ್ನು ಭೇದಿಸಿಕೊಂಡು ಅವರ ಗಡಿಯನ್ನು ದಾಟುವುದೇ ಆಟದ ಮುಖ್ಯ ಗುರಿ. ಯೇಲ್ ವಿಶ್ವವಿದ್ಯಾನಿಲಯದ ವಾಲ್ಟರ್ ಕ್ಯಾಂಪನು ಈ ಆಟದ ನಿಯಮಗಳನ್ನು ರೂಪಿಸಿದವರಲ್ಲಿ ಅಗ್ರಗಣ್ಯನು. ೧೮೮೦ರಲ್ಲಿ ಪ್ರತಿ ತಂಡಕ್ಕೆ ಹನ್ನೊಂದು ಮಂದಿ ಎಂಬ ನಿಯಮವೂ, ಎರಡು ತಂಡಗಳೂ ಎದುರುಬದುರಾಗಿ ಸಾಲುಗಟ್ಟಿ ನಿಂತು ಆಟವನ್ನು ಆರಂಭಿಸುವ ಪದ್ಧತಿಯೂ ಏರ್ಪಟ್ಟುವು. ೧೮೮೨ರಲ್ಲಿ, ಮೂರು ಯತ್ನಗಳೊಳಗೆ ಐದು ಗಜ ಮುಂದುವರಿಯದಿದ್ದರೆ ಚೆಂಡನ್ನು ಎದುರು ಪಕ್ಷಕ್ಕೆ ಬಿಟ್ಟುಕೊಡಬೇಕೆಂಬ ನಿಯಮವು ಬಂದಿತು. ಇವುಗಳಿಂದ ಆಟವು ರಗ್ಬಿಯಿಂದ ಬೇರೆಯಾಗಿ ತನ್ನದೇ ಆದ ಸ್ವರೂಪವನ್ನು ಪಡೆಯಿತು. ನಾವು ವಿಚಾರಿಸುತ್ತಿರುವ ಕಾಲದಲ್ಲಿ ಗಡಿಯನ್ನು ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದವರಿಗೆ ನಾಲ್ಕು ಅಂಕಗಳು ಸಲ್ಲುತ್ತಿದ್ದುವು.

ಆಟವು ಮೊದಲು ವಿಶ್ವವಿದ್ಯಾನಿಲಯಗಳದಾಗಿದ್ದು, ಅಲ್ಲಿಂದ ಹೊರಬಂದ ಯುವಕರ ಮೂಲಕ ನಗರಗಳ ವ್ಯಾಯಾಮ ಕ್ಲಬ್ಬುಗಳಿಗೆ ಹರಡಿತು. ಈ ಕ್ಲಬ್ಬುಗಳಲ್ಲಿದ್ದವರು ಅನುಕೂಲಸ್ಥರು. ಹಣಕ್ಕಾಗಿ ಆಡುವುದು ಸಭ್ಯನಿಗೆ ತಕ್ಕುದಲ್ಲವೆಂಬ ಭಾವನೆ ಅವರಲ್ಲಿ ಬಲವಾಗಿದ್ದಿತು. ೧೮೮೮ರಲ್ಲಿ ಸ್ಥಾಪಿತವಾದ ಅಮೆಚೂರ್ ಅಥ್ಲೆಟಿಕ್ ಯೂನಿಯನ್ ಎಂಬ ಸಂಸ್ಥೆಯು ಈ ಹವ್ಯಾಸಿ ಧರ್ಮದ ಕಾವಲಿಗೆ ನಿಂತಿತು. ಅದರ ಆಜ್ಞೆಯನ್ನು ಮೀರಿದ ಕ್ಲಬ್ಬಿಗೂ ಆಟಗಾರನಿಗೂ ಬಹಿಷ್ಕಾರವೇ ಶಿಕ್ಷೆ.

ಆದರೆ ಕ್ಲಬ್ಬುಗಳ ನಡುವಿನ ಸ್ಪರ್ಧೆ ಹೆಚ್ಚಿದಂತೆಲ್ಲ ಗೆಲ್ಲಬೇಕೆಂಬ ಆಸೆ ಈ ಧರ್ಮಕ್ಕಿಂತ ಬಲವಾಯಿತು. ಉತ್ತಮ ಆಟಗಾರನಿಗೆ ಉದ್ಯೋಗವನ್ನು ಕೊಡಿಸುವುದು, ಪ್ರಯಾಣದ ವೆಚ್ಚವನ್ನು ಇಮ್ಮಡಿಯಾಗಿ ಕೊಡುವುದು ಮುಂತಾದ ಉಪಾಯಗಳು ಹುಟ್ಟಿದುವು. ಬಹುಮಾನವೆಂಬ ಹೆಸರಿನಿಂದ ಚಿನ್ನದ ಗಡಿಯಾರವೊಂದನ್ನು ಕೊಡುವುದು, ಆಟಗಾರನು ಅದನ್ನು ಗಿರವಿ ಅಂಗಡಿಯಲ್ಲಿಟ್ಟು ಹಣ ಪಡೆಯುವುದು, ಕ್ಲಬ್ಬಿನವರು ಅದನ್ನು ಬಿಡಿಸಿ ತಂದು ಮುಂದಿನ ಪಂದ್ಯದ ತರುವಾಯ ಅದೇ ಗಡಿಯಾರವನ್ನು ಮತ್ತೆ ಬಹುಮಾನವಾಗಿ ಕೊಡುವುದು, ಹೀಗೂ ನಡೆಯುತ್ತಿದ್ದಿತೆಂದು ಹೇಳುತ್ತಾರೆ. ಹೆಸರು ಬಹುಮಾನ, ಕೆಲಸ ಸಂಬಳ. ಇಂತಹ ವಾತಾವರಣದಲ್ಲಿ ಹಣದ ಮಾತು ಬಹಿರಂಗವಾಗಿ ಎಲ್ಲಿಯೂ ಬರೆಯಲ್ಪಡದಿದ್ದುದು ಆಶ್ಚರ್ಯವಲ್ಲ.

೩

ಹೆಫೆಲ್‌ಫಿಂಗರನು ೧೮೬೭ನೆಯ ಡಿಸೆಂಬರ್ ೨೦ರಂದು ಮಿನ್ನೆಸೋಟ ಸಂಸ್ಥಾನದ ಮಿನಿಯಾಪೊಲಿಸ್ ನಗರದಲ್ಲಿ ಹುಟ್ಟಿದನು. ತಂದೆಯು ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದವನು. ಅನಂತರ ಪಾದರಕ್ಷೆಗಳ ತಯಾರಿಕೆಯ ವ್ಯಾಪಾರವನ್ನು ನಡೆಸಿದನು. ಮಗನು ಆರಡಿ ಮೀರಿದ ಎತ್ತರದವನು. ಅದಕ್ಕೆ ತಕ್ಕ ದೇಹಬಲವೂ, ಅಂತಹ ದೇಹದಲ್ಲಿ ಸಾಮಾನ್ಯವಾಗಿ ಕಾಣದ ಓಟದ ವೇಗವೂ ಆತನಿಗಿದ್ದುವು. ಗೆಳೆಯರು ಆತನನ್ನು 'ಪಜ್' ಎಂದು ಕರೆಯುತ್ತಿದ್ದರು. ಈ ಅಡ್ಡಹೆಸರೇ ಚರಿತ್ರೆಯಲ್ಲಿಯೂ ನಿಂತಿತು.

೧೮೮೮ರಿಂದ ೧೮೯೧ರ ವರೆಗೆ ಆತನು ಯೇಲ್ ತಂಡದಲ್ಲಿ ಆಡಿದನು. ಆತನ ಸ್ಥಾನ ಗಾರ್ಡ್ ಎಂಬುದು, ಎಂದರೆ ಮುಂಸಾಲಿನ ನಡುಭಾಗದಲ್ಲಿ ನಿಂತು ಎದುರಾಳಿಗಳನ್ನು ತಡೆಯುವ ಕೆಲಸ. ಪ್ರೇಕ್ಷಕರ ಕಣ್ಣು ಚೆಂಡನ್ನು ಹಿಡಿದು ಓಡುವವನ ಮೇಲಿರುವುದರಿಂದ ಗಾರ್ಡನ ಕೆಲಸಕ್ಕೆ ಕೀರ್ತಿ ಕಡಮೆ. ಹೆಫೆಲ್‌ಫಿಂಗರನು ಸಾಲಿನಲ್ಲಿ ನಿಂತಲ್ಲೇ ನಿಲ್ಲದೆ, ಆಟವು ಆರಂಭವಾದೊಡನೆ ಹಿಂದೆ ಸರಿದು, ಓಡುವವನ ಮುಂದೆ ತಾನೂ ಓಡಿ, ಎದುರು ಬಂದವರನ್ನು ಬದಿಗೆ ತಳ್ಳಿ ದಾರಿಮಾಡಿಕೊಡುವ ಕ್ರಮವನ್ನು ರೂಢಿಗೆ ತಂದನೆಂದು ಪ್ರಸಿದ್ಧಿಯಿದೆ. ಗಾರ್ಡನಿಗೆ ಇಂದಿಗೂ ಈ ಕೆಲಸವು ಮುಖ್ಯವಾದುದೇ ಆಗಿದೆ.

ಆ ಕಾಲದ ಯೇಲ್ ತಂಡದ ಬಲವನ್ನು ಅಂಕಗಳೇ ಹೇಳುತ್ತವೆ. ಕ್ಯಾಂಪನ ಶಿಕ್ಷಣದಲ್ಲಿ ೧೮೮೮ರಲ್ಲಿ ಅದು ಹದಿಮೂರು ಪಂದ್ಯಗಳನ್ನಾಡಿ ಹದಿಮೂರನ್ನೂ ಗೆದ್ದಿತು. ಸಂಪಾದಿಸಿದ ಅಂಕಗಳು ೬೯೮, ಎದುರಾಳಿಗಳೆಲ್ಲರೂ ಸೇರಿ ಸಂಪಾದಿಸಿದುದು ಸೊನ್ನೆ. ೧೮೯೧ರಲ್ಲಿಯೂ ಹದಿಮೂರಕ್ಕೆ ಹದಿಮೂರು ಗೆಲವು; ಅಂಕಗಳು ೪೮೮, ಎದುರಿಗೆ ಮತ್ತೆ ಸೊನ್ನೆ. ದೇಶದ ಎಲ್ಲ ಕಾಲೇಜುಗಳಿಂದ ಅತ್ಯುತ್ತಮರಾದ ಹನ್ನೊಂದು ಮಂದಿಯನ್ನು ಆರಿಸಿ ಪ್ರಕಟಿಸುವ ಪದ್ಧತಿ ೧೮೮೯ರಲ್ಲಿ ಮೊದಲಾಯಿತು. ಆ ಮೊದಲನೆಯ ಪಟ್ಟಿಯಲ್ಲಿಯೂ ಮುಂದಿನ ಎರಡು ವರ್ಷಗಳ ಪಟ್ಟಿಗಳಲ್ಲಿಯೂ ಹೆಫೆಲ್‌ಫಿಂಗರನ ಹೆಸರಿದ್ದಿತು. ಹೀಗೆ ೧೮೯೧ರ ಕೊನೆಗೆ ಆತನು ದೇಶದಲ್ಲಿ ಎಲ್ಲರಿಗೂ ತಿಳಿದ ಆಟಗಾರನಾಗಿದ್ದನು. ಹವ್ಯಾಸಿ ಆಟದ ಆದರ್ಶಪುರುಷನೂ ಆಗಿದ್ದನು. ಮುಂದಿನ ಘಟನೆಯ ತೂಕವನ್ನು ತಿಳಿಯುವುದಕ್ಕೆ ಈ ಎರಡನೆಯ ಅಂಶವನ್ನು ನೆನಪಿನಲ್ಲಿಡಬೇಕು.

ವಿದ್ಯಾಭ್ಯಾಸದ ತರುವಾಯ ಆತನು ನೆಬ್ರಾಸ್ಕ ಸಂಸ್ಥಾನದ ಒಮಾಹಾ ನಗರದಲ್ಲಿ ರೈಲ್ವೆಯ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದನು. ೧೮೯೨ರ ಶರತ್ಕಾಲದಲ್ಲಿ ಷಿಕಾಗೋ ಅಥ್ಲೆಟಿಕ್ ಅಸೋಸಿಯೇಷನ್ನಿನ ತಂಡವು ಪೂರ್ವದೇಶದ ಪ್ರವಾಸಕ್ಕೆ ಹೊರಟಾಗ ಅದರೊಡನೆ ಆಡಲು ಹೋದನು. ಆ ಪ್ರವಾಸವೇ ಆತನನ್ನು ಪಿಟ್ಸ್‌ಬರ್ಗಿನವರ ಕಣ್ಣಿಗೆ ಬೀಳುವಂತೆ ಮಾಡಿತು.

೪

ಪಿಟ್ಸ್‌ಬರ್ಗ್ ನಗರಕ್ಕೆ ಎದುರಾಗಿ, ನದಿಯ ಆಚೆಯ ದಡದಲ್ಲಿ, ಆಲಿಗೇನಿ ಎಂಬ ಪ್ರತ್ಯೇಕ ನಗರವಿದ್ದಿತು; ಅದು ೧೯೦೭ರಲ್ಲಿ ಪಿಟ್ಸ್‌ಬರ್ಗಿನೊಡನೆ ಸೇರಿಹೋಯಿತು. ಆಲಿಗೇನಿ ಅಥ್ಲೆಟಿಕ್ ಅಸೋಸಿಯೇಷನ್ ಮತ್ತು ಪಿಟ್ಸ್‌ಬರ್ಗ್ ಅಥ್ಲೆಟಿಕ್ ಕ್ಲಬ್ ಎಂಬ ಎರಡು ಸಂಘಗಳಿಗೆ ಬದ್ಧವಾದ ಹಗೆತನವಿದ್ದಿತು. ೧೮೯೨ರ ಅಕ್ಟೋಬರ್ ೨೧ರಂದು ನಡೆದ ಅವುಗಳ ಪಂದ್ಯವು ಆರಕ್ಕೆ ಆರು ಅಂಕಗಳಲ್ಲಿ ಸಮವಾಯಿತು. ಪಿಟ್ಸ್‌ಬರ್ಗಿನವರು ಹೊರಗಿನ ಆಟಗಾರನೊಬ್ಬನನ್ನು ಸುಳ್ಳುಹೆಸರಿನಿಂದ ಆಡಿಸಿದರೆಂಬ ದೂರು ಹುಟ್ಟಿ ಹಗೆಯು ಇನ್ನೂ ಬಲಿಯಿತು. ನವೆಂಬರ್ ೧೨ಕ್ಕೆ ಮರುಪಂದ್ಯವು ಗೊತ್ತಾಯಿತು. ಪಂತ ಕಟ್ಟುವವರ ಹಣವೂ ಅದರ ಮೇಲೆ ಧಾರಾಳವಾಗಿ ಸುರಿಯಿತು.

ಪಿಟ್ಸ್‌ಬರ್ಗಿನವರು ಹೆಫೆಲ್‌ಫಿಂಗರನಿಗೆ ೨೫೦ ಡಾಲರುಗಳನ್ನು ಕೊಡಲು ಮುಂದಾಗಿದ್ದಾರೆಂಬ ವದಂತಿಯು ಅಕ್ಟೋಬರ್ ತಿಂಗಳ ಕೊನೆಯಲ್ಲಿ ಆ ನಗರದ ವೃತ್ತಪತ್ರಿಕೆಯಲ್ಲಿಯೇ ಅಚ್ಚಾಯಿತು. ಪತ್ರಿಕೆಯವರು ಅದನ್ನು ನಂಬತಕ್ಕ ಸುದ್ದಿಯೆಂದು ಎಣಿಸಲಿಲ್ಲ. ಆದರೆ ಆಲಿಗೇನಿಯ ವ್ಯವಸ್ಥಾಪಕನಾದ ಓ. ಡಿ. ಥಾಮ್ಸನ್ನನು ಯೇಲಿನ ಹಳೆಯ ವಿದ್ಯಾರ್ಥಿ. ಅವನ ಕ್ಲಬ್ಬು ಮೊಬಲಗನ್ನು ಇಮ್ಮಡಿಗೊಳಿಸಿತು. ೨೫೦ ಡಾಲರುಗಳಿಗಾಗಿ ತನ್ನ ಹವ್ಯಾಸಿ ಸ್ಥಾನವನ್ನು ಅಪಾಯಕ್ಕೊಡ್ಡಲು ಒಪ್ಪದ ಹೆಫೆಲ್‌ಫಿಂಗರನು ೫೦೦ಕ್ಕೆ ಒಪ್ಪಿದನು.

ಪಂದ್ಯದ ದಿನ ಆಲಿಗೇನಿಯ ರಿಕ್ರಿಯೇಷನ್ ಪಾರ್ಕಿನ ಬಯಲಿನಲ್ಲಿ ಹೆಫೆಲ್‌ಫಿಂಗರನನ್ನೂ, ಆತನೊಡನೆ ಬಂದಿದ್ದ ಬೆನ್ ಡಾನೆಲಿ, ಎಡ್ ಮ್ಯಾಲಿ ಎಂಬವರನ್ನೂ ಕಂಡೊಡನೆ ಪಿಟ್ಸ್‌ಬರ್ಗಿನವರು ಆಡುವುದಿಲ್ಲವೆಂದು ಬಯಲನ್ನು ಬಿಟ್ಟು ಹೊರಟರು. ಬಹುಹೊತ್ತು ವಾದ ನಡೆಯಿತು. ಕೊನೆಗೆ ಪಂತಗಳನ್ನೆಲ್ಲ ರದ್ದುಮಾಡಿ ಆಡಬಹುದೆಂದು ತೀರ್ಮಾನವಾಯಿತು. ಹೊತ್ತು ಮೀರಿದ್ದರಿಂದ ನಲವತ್ತೈದು ನಿಮಿಷಗಳ ಎರಡು ಭಾಗಗಳಿಗೆ ಬದಲಾಗಿ ಮೂವತ್ತು ನಿಮಿಷಗಳ ಎರಡು ಭಾಗಗಳನ್ನು ಆಡಿದರು. ಮೊದಲನೆಯ ಭಾಗದಲ್ಲಿ ಹೆಫೆಲ್‌ಫಿಂಗರನು ಎದುರಾಳಿಯ ಮೇಲೆ ಬಿದ್ದು, ಆತನ ಕೈಯಿಂದ ಜಾರಿದ ಚೆಂಡನ್ನೆತ್ತಿಕೊಂಡು ಗಡಿಯವರೆಗೂ ಓಡಿದನು. ಆಲಿಗೇನಿಗೆ ನಾಲ್ಕು ಅಂಕಗಳು ಬಂದುವು. ಮುಂದೆ ಯಾರಿಗೂ ಅಂಕವು ದೊರೆಯಲಿಲ್ಲ. ನಾಲ್ಕಕ್ಕೆ ಸೊನ್ನೆಯಾಗಿ ಪಂದ್ಯವು ಮುಗಿಯಿತು.

ಪಿಟ್ಸ್‌ಬರ್ಗಿನವರು ಸುಮ್ಮನಿರಲಿಲ್ಲ; ಹಣದ ಆಪಾದನೆಯನ್ನು ಹೊರಿಸಿದರು. ತಾವು ಮಾಡಲೆಳಸಿ ಮಾಡಲಾರದೆ ಹೋದುದನ್ನೇ ಆಲಿಗೇನಿಯವರು ಮಾಡಿದ್ದರಾದುದರಿಂದ ಆ ದೂರಿಗೆ ನೈತಿಕವಾದ ಬಲವಿರಲಿಲ್ಲ. ರುಜುವಾತೂ ಇರಲಿಲ್ಲ. ಮಾತು ಕ್ರಮೇಣ ತಣ್ಣಗಾಯಿತು.

೫

ರುಜುವಾತು ಆಲಿಗೇನಿ ಕ್ಲಬ್ಬಿನ ಲೆಕ್ಕದಲ್ಲಿಯೇ ಇದ್ದಿತು. ಆ ಪಂದ್ಯದ ಜಮಾಖರ್ಚಿನ ಹಾಳೆಯು ಈಗ ಒಹಾಯೋ ಸಂಸ್ಥಾನದ ಕ್ಯಾಂಟನ್ ನಗರದಲ್ಲಿರುವ ವೃತ್ತಿ ಫುಟ್‌ಬಾಲಿನ ಕೀರ್ತಿಮಂದಿರದಲ್ಲಿದೆ. ಅದರ ಪ್ರಕಾರ ಪ್ರೇಕ್ಷಕರಿಂದ ಬಂದ ಒಟ್ಟು ಹಣ ೧,೬೮೩ ಡಾಲರು ೫೦ ಸೆಂಟು. ಖರ್ಚಿನ ಬಾಬುಗಳು ಐದು: ಎದುರು ತಂಡಕ್ಕೆ ಮೊದಲೇ ಒಪ್ಪಿದ್ದ ಹಣ ೪೨೮ ಡಾಲರು, ಬಯಲಿನ ಬಾಡಿಗೆ ೫೦, ಡಾನೆಲಿ, ಮ್ಯಾಲಿ, ಹೆಫೆಲ್‌ಫಿಂಗರ್ ಮೂವರ ವೆಚ್ಚ ೭೫, ಅವರ ಹೋಟೆಲಿನ ಬಿಲ್ಲು ೯, ಆಡಿದುದಕ್ಕಾಗಿ ಹೆಫೆಲ್‌ಫಿಂಗರನಿಗೆ ನಗದಾಗಿ ಕೊಟ್ಟುದು ೫೦೦. ಕೂಡಿದರೆ ಒಟ್ಟು ೧,೦೬೨ ಡಾಲರು. ಅದನ್ನು ಕಳೆದು ಕ್ಲಬ್ಬಿಗೆ ಉಳಿದ ಲಾಭ ಸುಮಾರು ೬೨೧ ಡಾಲರು.

ಈ ಐದು ಸಾಲುಗಳನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ಓದಬೇಕು. ಹೆಫೆಲ್‌ಫಿಂಗರನ ಹೆಸರು ಇಲ್ಲಿ ಎರಡು ಕಡೆ ಬರುತ್ತದೆ. ಒಂದು ಕಡೆ ಉಳಿದ ಇಬ್ಬರೊಡನೆ ಸೇರಿ ವೆಚ್ಚದ ಬಾಬಿನಲ್ಲಿ. ಮೂವರಿಗೂ ಸಮನಾಗಿ ಹಂಚಿದರೆ ತಲೆಗೆ ೨೫ ಡಾಲರಾಗುತ್ತದೆ. ಇನ್ನೊಂದು ಕಡೆ ಆತನೊಬ್ಬನ ಹೆಸರೇ, ಆಡಿದುದಕ್ಕಾಗಿ ಎಂಬ ಸ್ಪಷ್ಟವಾದ ಕಾರಣದೊಡನೆ. ಪ್ರಯಾಣದ ವೆಚ್ಚವನ್ನು ಹೆಚ್ಚಿಸಿ ಬರೆದು ಸಂಬಳವನ್ನು ಅದರೊಳಗೆ ಅಡಗಿಸುವುದು ಆ ಕಾಲದ ರೂಢಿಯೆಂದು ಮೇಲೆ ಹೇಳಿದೆವು. ಇಲ್ಲಿ ಲೆಕ್ಕ ಬರೆದಾತನು ಹಾಗೆ ಮಾಡದೆ ಎರಡನ್ನೂ ಬೇರೆಬೇರೆಯಾಗಿ ನಮೂದಿಸಿದ್ದಾನೆ. ಆದುದರಿಂದ ೫೦೦ ಡಾಲರು ವೆಚ್ಚದ ಹಣವೆಂದೋ ಬಹುಮಾನವೆಂದೋ ವ್ಯಾಖ್ಯಾನ ಮಾಡುವುದಕ್ಕೆ ಅವಕಾಶವೇ ಇಲ್ಲ. ಈ ಪಂದ್ಯಕ್ಕೆ ಡಾನೆಲಿಗೂ ಮ್ಯಾಲಿಗೂ ವೆಚ್ಚವಲ್ಲದೆ ಬೇರೆ ಹಣವಿಲ್ಲವೆಂಬುದೂ ಇದೇ ಹಾಳೆಯಿಂದ ತಿಳಿಯುತ್ತದೆ. ಮುಂದಿನ ವಾರದ ಪಂದ್ಯಕ್ಕೆ ಡಾನೆಲಿಗೂ ೨೫೦ ಡಾಲರುಗಳು ಸಂದುವು. ಒಮ್ಮೆ ತೆರೆದ ಬಾಗಿಲು ಮುಚ್ಚಲಿಲ್ಲ.

ಲಾಭದ ಮೊಬಲಗೂ ಗಮನಾರ್ಹವಾದುದು. ಖರ್ಚಿನಲ್ಲಿ ಸುಮಾರು ಅರ್ಧವನ್ನು ಒಬ್ಬನಿಗೇ ಕೊಟ್ಟಮೇಲೂ ಕ್ಲಬ್ಬಿಗೆ ಅದಕ್ಕಿಂತ ಹೆಚ್ಚಾದ ಹಣವು ಉಳಿಯಿತು. ಹೆಸರಾಂತ ಆಟಗಾರನಿಗೆ ಕೊಡುವ ಹಣವು ನಷ್ಟವಲ್ಲವೆಂಬ ಪಾಠವನ್ನು ಆ ಹಾಳೆಯ ಕೊನೆಯ ಸಾಲು ಕ್ಲಬ್ಬಿನವರಿಗೆ ಕಲಿಸಿರಬೇಕು. ವೃತ್ತಿ ಆಟವು ಆಟಗಾರನ ದುರಾಸೆಯಿಂದ ಹುಟ್ಟಿತೆಂದು ಹವ್ಯಾಸಿ ಧರ್ಮದ ಪಕ್ಷಪಾತಿಗಳು ಹೇಳುತ್ತಿದ್ದರು. ಲೆಕ್ಕವನ್ನು ನೋಡಿದರೆ ಲಾಭವು ಎರಡು ಕಡೆಗೂ ಇದ್ದಿತು. ಮರೆಮಾಡುವ ಭಾರವೂ ಎರಡು ಕಡೆಗೂ ಇದ್ದಿತು.

ನಮ್ಮ ನಾಡಿನ ಚರಿತ್ರೆಯನ್ನು ಪರಿಶೋಧಿಸುವವರಿಗೆ ಇಂತಹ ಆಧಾರದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಪ್ರಶಸ್ತಿಯು ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದುದು. ಕಡತದ ಲೆಕ್ಕವು ಕೊಟ್ಟುದು ತೆಗೆದುಕೊಂಡುದು ಮರೆಯದಿರಲೆಂದು ಬರೆದುದು. ಎರಡನೆಯದಕ್ಕೆ ಯಾರನ್ನೂ ಹೊಗಳಬೇಕೆಂಬ ಉದ್ದೇಶವಿಲ್ಲ. ಆ ಕಾರಣದಿಂದಲೇ ಅದರ ಸಾಕ್ಷ್ಯವು ಹೆಚ್ಚು ಬಲವುಳ್ಳದ್ದು.

೬

ಈ ವಿಷಯವು ಬೆಳಕಿಗೆ ಬಂದ ಬಗೆಯೂ ವಿಚಿತ್ರವಾದುದು. ೧೯೬೦ರ ದಶಕದಲ್ಲಿ ನೆಲ್ಸನ್ ರಾಸ್ ಎಂಬ ಹೆಸರಿನಾತನು ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಡ್ಯಾನ್ ರೂನಿಯ ಕಚೇರಿಗೆ ಬಂದು, ಬೆರಳಚ್ಚುಮಾಡಿದ ೪೯ ಪುಟಗಳ ಪ್ರಬಂಧವೊಂದನ್ನು ಕೊಟ್ಟು, ತನ್ನ ವಿಳಾಸವನ್ನೂ ತಿಳಿಸದೆ ಹೊರಟುಹೋದನು. ಪಿಟ್ಸ್‌ಬರ್ಗ್ ಪ್ರಾಂತದಲ್ಲಿ ಆಟವು ಬೆಳೆದ ಬಗೆಯನ್ನು ಆ ಕಾಲದ ಪತ್ರಿಕೆಗಳಿಂದ ಅದರಲ್ಲಿ ಸವಿಸ್ತಾರವಾಗಿ ನಿರೂಪಿಸಿತ್ತು. ೧೮೯೨ರ ಪಂದ್ಯದ ಹಣದ ವಿಚಾರವೂ ಅದರಲ್ಲಿತ್ತು. ಬರೆದಾತನು ಅಜ್ಞಾತನಾದರೆ ಬರೆಹವನ್ನು ನಂಬುವುದು ಹೇಗೆಂದು ಯಾರಾದರೂ ಕೇಳಬಹುದು. ಪ್ರಬಂಧವೊಂದೇ ಇದ್ದಿದ್ದರೆ ಈ ಸಂಶಯವು ಬಲವಾದುದೇ ಆಗುತ್ತಿದ್ದಿತು. ಆದರೆ ಪತ್ರಿಕೆಗಳ ವರದಿಗಳೂ ಕ್ಲಬ್ಬಿನ ಲೆಕ್ಕದ ಹಾಳೆಯೂ ಪ್ರಬಂಧದ ಹೊರಗೆ ಇರುವ ಆಧಾರಗಳು. ಪಂದ್ಯಕ್ಕೆ ಮೊದಲೇ ಅಚ್ಚಾದ ವದಂತಿ, ಪಂದ್ಯದ ದಿನ ಎದುರು ಪಕ್ಷವು ಬಯಲನ್ನು ಬಿಟ್ಟು ಹೊರಟುದು, ಲೆಕ್ಕದ ನಮೂದು, ಈ ಮೂರೂ ಒಂದೇ ಕಡೆಗೆ ಬೆರಳು ತೋರುತ್ತವೆ.

ಇನ್ನು ಬ್ರಾಲಿಯರನ ಪಕ್ಷವನ್ನು ನೋಡೋಣ. ಆತನು ಹಣ ಪಡೆದುದು ನಿಜ. ಅದನ್ನು ಮುಚ್ಚಿಡದೆ ಹೇಳಿದನು. ಮುಂದೆ ಲಟ್ರೋಬಿನಲ್ಲಿ ದಂತವೈದ್ಯನಾಗಿದ್ದು, ಮೊದಲಿಗನೆಂಬ ಗೌರವವನ್ನು ಅನುಭವಿಸಿ, ೧೯೬೦ರಲ್ಲಿ ಮೃತನಾದನು. ಆತನ ಮಾತಿನಲ್ಲಿ ಅಸತ್ಯವಿರಲಿಲ್ಲ; ತನಗಿಂತ ಮೊದಲು ಇತರರು ರಹಸ್ಯವಾಗಿ ಪಡೆದುದು ಆತನಿಗೆ ತಿಳಿಯುವ ಬಗೆಯಿರಲಿಲ್ಲ. ಬಹಿರಂಗವಾಗಿ ಒಪ್ಪಿಕೊಂಡವನು ಮೊದಲಿಗನೆನಿಸಿಕೊಂಡುದಕ್ಕೆ, ಒಪ್ಪಿಕೊಳ್ಳದವರು ಲೆಕ್ಕಕ್ಕೆ ಬಾರದೆ ಹೋದುದೇ ಕಾರಣ.

ಇದೇ ನ್ಯಾಯವು ಹೆಫೆಲ್‌ಫಿಂಗರನಿಗೂ ಅನ್ವಯಿಸುತ್ತದೆಂಬುದನ್ನು ಮರೆಯಬಾರದು. ಗಡಿಯಾರಗಳನ್ನು ಗಿರವಿಯಿಟ್ಟವರೂ ಇಮ್ಮಡಿ ವೆಚ್ಚವನ್ನು ಪಡೆದವರೂ ೧೮೯೨ಕ್ಕೆ ಮೊದಲೇ ಇದ್ದಿರಬಹುದು. ಅವರ ಲೆಕ್ಕದ ಹಾಳೆಗಳು ಉಳಿದಿಲ್ಲ. ಆದಕಾರಣ ಹೆಫೆಲ್‌ಫಿಂಗರನನ್ನು ಹಣ ಪಡೆದವರಲ್ಲಿ ಮೊದಲಿಗನೆನ್ನುವುದಕ್ಕಿಂತ, ಹಣ ಪಡೆದನೆಂದು ಲಿಖಿತವಾದ ಆಧಾರದಿಂದ ಸಿದ್ಧವಾದವರಲ್ಲಿ ಮೊದಲಿಗನೆನ್ನುವುದೇ ಸರಿಯಾದ ಮಾತು. ಈ ಎರಡು ವಾಕ್ಯಗಳ ಅಂತರವು ಸಣ್ಣದಾಗಿ ತೋರಿದರೂ, ಚರಿತ್ರೆಯಲ್ಲಿ ಪ್ರಮಾಣಕ್ಕೂ ಪ್ರಸಿದ್ಧಿಗೂ ಇರುವ ಅಂತರವು ಅಷ್ಟರಲ್ಲಿಯೇ ಅಡಗಿದೆ.

೭

ಹಣ ಪಡೆದುದರಿಂದ ಹೆಫೆಲ್‌ಫಿಂಗರನ ಬಾಳಿಗೆ ಯಾವ ಕುಂದೂ ತಟ್ಟಲಿಲ್ಲ. ೧೮೯೩ರಲ್ಲಿ ಕ್ಯಾಲಿಫೋರ್ನಿಯ, ೧೮೯೪ರಲ್ಲಿ ಲೀಹೈ, ೧೮೯೫ರಲ್ಲಿ ಮಿನ್ನೆಸೋಟ ವಿದ್ಯಾಸಂಸ್ಥೆಗಳ ತಂಡಗಳಿಗೆ ಆತನು ಶಿಕ್ಷಕನಾದನು. ತರುವಾಯ ಮಿನಿಯಾಪೊಲಿಸಿನಲ್ಲಿ ನೆಲಸಿ ಮನೆತನದ ವ್ಯಾಪಾರದಲ್ಲಿ ತೊಡಗಿದನು. ೧೯೨೪ರಿಂದ ೧೯೪೮ರ ವರೆಗೆ ಆ ನಗರವನ್ನೊಳಗೊಂಡ ಹೆನಪಿನ್ ಜಿಲ್ಲೆಯ ಆಡಳಿತ ಮಂಡಲಿಯ ಸದಸ್ಯನಾಗಿದ್ದನು. ಅರುವತ್ತು ದಾಟಿದ ಮೇಲೂ ಧರ್ಮಾರ್ಥವಾಗಿ ನಡೆದ ಪಂದ್ಯದಲ್ಲಿ ಬಯಲಿಗಿಳಿದು ಕಿರಿಯರೊಡನೆ ಆಡಿದನು. ೧೯೫೧ರಲ್ಲಿ ಕಾಲೇಜು ಫುಟ್‌ಬಾಲಿನ ಕೀರ್ತಿಮಂದಿರಕ್ಕೆ ಮೊದಲನೆಯ ತಂಡವನ್ನು ಆರಿಸಿದಾಗ ಅದರಲ್ಲಿ ಆತನ ಹೆಸರೂ ಸೇರಿದ್ದಿತು. ೧೯೫೪ನೆಯ ಏಪ್ರಿಲ್ ೨ರಂದು ಟೆಕ್ಸಸ್ ಸಂಸ್ಥಾನದ ಬ್ಲೆಸಿಂಗ್ ಎಂಬ ಊರಿನಲ್ಲಿ ತೀರಿಕೊಂಡನು.

ಕ್ಲಬ್ಬಿನ ಕಥೆ ಬೇರೆ ಬಗೆಯಾಗಿ ಮುಗಿಯಿತು. ಹಣ ಕೊಟ್ಟ ಅಪರಾಧಕ್ಕಾಗಿ ಅಮೆಚೂರ್ ಅಥ್ಲೆಟಿಕ್ ಯೂನಿಯನ್ನಿನವರು ಆಲಿಗೇನಿ ಸಂಘವನ್ನು ಬಹಿಷ್ಕರಿಸಿದರು. ಬಹಿಷ್ಕೃತವಾದ ಮೇಲೆ ಮುಚ್ಚುಮರೆಯೇಕೆಂದು ೧೮೯೬ರಲ್ಲಿ ಅದು ಎಲ್ಲರಿಗೂ ಹಣ ಕೊಟ್ಟು, ಪೂರ್ಣವಾಗಿ ವೃತ್ತಿ ಆಟಗಾರರದೇ ಆದ ತಂಡವೊಂದನ್ನು ಕಟ್ಟಿ, ಎರಡು ಪಂದ್ಯಗಳನ್ನಾಡಿಸಿ ಕಣ್ಮರೆಯಾಯಿತು. ಮರುವರ್ಷ ಲಟ್ರೋಬಿನವರು ಅಂತಹ ತಂಡವನ್ನು ಇಡೀ ಋತುವಿನಲ್ಲಿ ಆಡಿಸಿದರು. ೧೯೨೦ರಲ್ಲಿ ಕ್ಯಾಂಟನ್ನಿನಲ್ಲಿ ವೃತ್ತಿ ತಂಡಗಳ ಒಕ್ಕೂಟವು ಸ್ಥಾಪಿತವಾಗಿ, ೧೯೨೨ರಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬ ಹೆಸರನ್ನು ತಳೆಯಿತು. ನಾಚಿಕೆಗೇಡೆಂದು ಮರೆಮಾಡಿದ ವ್ಯವಹಾರವು ಮೂವತ್ತು ವರ್ಷಗಳೊಳಗಾಗಿ ಬಹಿರಂಗವಾದ ಉದ್ಯಮವಾಯಿತು.

೮

ಮೇಲಿನ ವಿಚಾರದಿಂದ ನಿರ್ಣಯಿಸಬಹುದಾದುದು ಇಷ್ಟು. ೧೮೯೨ನೆಯ ನವೆಂಬರ್ ೧೨ರಂದು ಹೆಫೆಲ್‌ಫಿಂಗರನು ಆಡಿದುದಕ್ಕಾಗಿ ೫೦೦ ಡಾಲರುಗಳನ್ನು ಪಡೆದನು. ಈ ಬಗ್ಗೆ ಉಳಿದಿರುವ ಲಿಖಿತ ಆಧಾರಗಳಲ್ಲಿ ಇದೇ ಅತ್ಯಂತ ಹಳೆಯದು. ಆತನಿಗಿಂತ ಮೊದಲು ಯಾರೂ ಪಡೆದಿಲ್ಲವೆಂಬುದನ್ನು ಈ ಆಧಾರವು ಹೇಳುವುದಿಲ್ಲ. ಹಾಗೆ ಹೇಳಿಸುವುದಕ್ಕೆ ನಾವೂ ಯತ್ನಿಸಬಾರದು.

ಬದುಕಿದ್ದಾಗ ಹೆಫೆಲ್‌ಫಿಂಗರನಿಗೆ ಬಂದ ಗೌರವಗಳೆಲ್ಲ ಹವ್ಯಾಸಿ ಆಟದ ವೀರನೆಂಬ ಹೆಸರಿನಿಂದ ಬಂದುವು. ಮೊದಲನೆಯ ವೃತ್ತಿ ಆಟಗಾರನೆಂಬ ಹೆಸರು ಬಂದುದು ಆತನು ತೀರಿಕೊಂಡ ಮೇಲೆ. ವೃತ್ತಿ ಆಟದ ಕೀರ್ತಿಮಂದಿರದಲ್ಲಿ ಗೌರವ ಪಡೆದವರ ಪ್ರತಿಮೆಗಳ ಸಾಲಿನಲ್ಲಿ ಆತನ ಪ್ರತಿಮೆಯಿಲ್ಲ. ಆತನ ಹೆಸರನ್ನು ಹೊತ್ತ ಲೆಕ್ಕದ ಹಾಳೆಯಿದೆ. ಜನರು ನೆನೆಯಬೇಕೆಂದು ನಿಲ್ಲಿಸಿದ ವಸ್ತುಗಳ ನಡುವೆ, ಯಾರೂ ನೋಡಬಾರದೆಂದು ಮಡಿಸಿಟ್ಟ ಕಾಗದವೊಂದು ಆ ಆಟದ ಜನನಪತ್ರವೆನಿಸಿಕೊಂಡಿದೆ. ಅಂತಹ ಕಾಗದಗಳನ್ನು ಹುಡುಕುವುದೂ, ಅವು ಹೇಳುವಷ್ಟನ್ನೇ ಹೇಳುವುದೂ ಚರಿತ್ರೆಕಾರನ ಕರ್ತವ್ಯ.